ಪಟ್ಟಿಯನ್ನು ಕೆಳಗಿನಿಂದ ಓದಿ: ಹಂಪನಕಟ್ಟೆ ಸುತ್ತಿನ ಕಂಪ್ಯೂಟರ್ ಪೇಟೆ

ಬೆಂಗಳೂರಿಗೆ ಎಸ್.ಪಿ. ರಸ್ತೆ ಉಂಟು. ಚೆನ್ನೈಗೆ ರಿಚಿ ಸ್ಟ್ರೀಟ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ದಿಲ್ಲಿಗೆ ನೆಹರೂ ಪ್ಲೇಸ್. ಮಂಗಳೂರಿನಲ್ಲಿ ಹಾಗೆ ಬೆರಳು ಮಾಡಿ ತೋರಿಸಬಹುದಾದ ಕಂಪ್ಯೂಟರ್ ಬೀದಿ ಇಲ್ಲ. ಇಲ್ಲಿನ ಅಂಗಡಿಗಳು ಹಂಪನಕಟ್ಟೆಯನ್ನು ನಡುವಿಗಿಟ್ಟುಕೊಂಡು ಕೆ.ಎಸ್. ರಾವ್ ರಸ್ತೆ, ಬಂಟ್ಸ್ ಹಾಸ್ಟೆಲ್, ಬಲ್ಮಠ, ಫಳ್ನೀರ್, ಕಂಕನಾಡಿ ಎಂದು ಚದುರಿಕೊಂಡಿವೆ. ಅದರಲ್ಲೂ ಎಷ್ಟೋ ಅಂಗಡಿಗಳು ರಸ್ತೆಗೆ ಮುಖ ತೋರಿಸುವುದಿಲ್ಲ. ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲೋ ನೆಲಮಾಳಿಗೆಯಲ್ಲೋ, ಟೈಲರ್ ಮತ್ತು ಟ್ರಾವೆಲ್ ಏಜೆನ್ಸಿಗಳ ನಡುವೆ ಕೂತಿರುತ್ತವೆ. ಮೊಬೈಲ್ ಮಾರುವವನಿಗೆ ಗಾಜಿನ ಮುಂಭಾಗ ಬೇಕು. ಬಿಡಿಭಾಗ ಮಾರುವವನಿಗೆ ಬೇಕಿಲ್ಲ. ಅವನನ್ನು ಹುಡುಕಿಕೊಂಡು ಬರುವ ಗಿರಾಕಿ ಮೆಟ್ಟಿಲು ಹತ್ತಲು ತಯಾರಾಗಿಯೇ ಬಂದಿರುತ್ತಾನೆ.

ಈ ಪೇಟೆಯನ್ನು ನಡೆದೇ ನೋಡಬೇಕು. ಕಾರು ತಂದರೆ ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಅಂಗಡಿಯವನು ಊಟಕ್ಕೆ ಹೋಗಿರುತ್ತಾನೆ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು, ನೆಹರೂ ಮೈದಾನದ ಬದಿಯಿಂದ ಪುರಭವನ ದಾಟಿ, ಕ್ಲಾಕ್ ಟವರ್ ಬಳಸಿ ಹಂಪನಕಟ್ಟೆ ಸಿಗ್ನಲ್ಲಿಗೆ ಬಂದರೆ ಸುತ್ತು ಶುರು. ಅಲ್ಲಿಂದ ಕೆ.ಎಸ್. ರಾವ್ ರಸ್ತೆ ಹಿಡಿದು ನವಭಾರತ ವೃತ್ತ, ಪಿ.ವಿ.ಎಸ್., ಬಂಟ್ಸ್ ಹಾಸ್ಟೆಲ್, ಜ್ಯೋತಿ, ಮತ್ತೆ ಲೈಟ್‌ಹೌಸ್ ಹಿಲ್ ರಸ್ತೆಯ ಇಳಿಜಾರಿನಲ್ಲಿ ವಾಪಸ್ ಹಂಪನಕಟ್ಟೆ. ಕಡಿಮೆ ದುಡ್ಡಿನಲ್ಲಿ, ಭಾಗ ಭಾಗವಾಗಿ ಆರಿಸಿ ಮನೆಯಲ್ಲೇ ಜೋಡಿಸುವ ಡೆಸ್ಕ್‌ಟಾಪ್‌ಗೆ ಈ ಊರಿನಲ್ಲಿ ದುಡ್ಡನ್ನು ಎಲ್ಲಿ ಸುರಿಯಬೇಕು, ಎಲ್ಲಿ ಹಿಡಿಯಬೇಕು ಎಂಬುದಷ್ಟೇ ನನ್ನ ಕುತೂಹಲ.

ಮೊದಲ ಅಂಗಡಿಯಲ್ಲೇ ಒಂದು ಚೀಟಿ ಸಿಗುತ್ತದೆ. ‘ಸಿಸ್ಟಮ್ ಕಟ್ಟಬೇಕು, ಏತ್ ಆಪುಂಡು?’ ಎಂದು ತುಳುವಿನಲ್ಲಿ ಎಷ್ಟಾಗುತ್ತದೆಂದು ಕೇಳಿದರೆ ಅವರು ಬಜೆಟ್ ಕೇಳುತ್ತಾರೆ, ನೀವು ಹೇಳುತ್ತೀರಿ, ಅವರು ಹಳೆಯ ಬಿಲ್ಲಿನ ಹಿಂಬದಿಗೆ ಬರೆಯತೊಡಗುತ್ತಾರೆ. ಮೇಲೆ ಪ್ರೊಸೆಸರ್, ಅದರ ಕೆಳಗೆ ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಬೇಕಿದ್ದರೆ ಗ್ರಾಫಿಕ್ಸ್ ಕಾರ್ಡ್, ಮಾನಿಟರ್. ಕಟ್ಟಕಡೆಗೆ, ಹಾಳೆ ಮುಗಿಯುವ ಜಾಗದಲ್ಲಿ, ಇಕ್ಕಟ್ಟಾದ ಅಕ್ಷರದಲ್ಲಿ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’. ಹೊರಗವಚ ಮತ್ತು ವಿದ್ಯುತ್ ಪೂರೈಸುವ ಪೆಟ್ಟಿಗೆ, ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಸಾಲು, ಒಂದೇ ದರ, ಅದೂ ಪಟ್ಟಿಯಲ್ಲೇ ಅತಿ ಚಿಕ್ಕದು. ಬಜೆಟ್ ಮೀರಿದಾಗ ಕತ್ತರಿ ಬೀಳುವುದೂ ಆ ಸಾಲಿಗೇ. ಹೆಚ್ಚುಕಡಿಮೆ ಎಲ್ಲ ಅಂಗಡಿಗಳಲ್ಲೂ ಈ ಚೀಟಿಯ ಕ್ರಮ ಹೀಗೇ.

ಅಂಗಡಿಯವರನ್ನು ದೂರಿ ಫಲವಿಲ್ಲ. ಬರುವ ಹುಡುಗರೆಲ್ಲ ಯೂಟ್ಯೂಬ್ ನೋಡಿ ಪ್ರೊಸೆಸರ್ ಹೆಸರು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಎಸ್‌ಎಂಪಿಎಸ್ ಯಾವುದೆಂದು ಕೇಳಿದರೆ ‘ಅದು ಯಾವುದಾದ್ರೂ ಆಗ್ತದೆ’ ಎನ್ನುತ್ತಾರೆ. ಬಂದರಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡದೆ ತೆಗೆದುಕೊಳ್ಳದ ಊರಿನವರು ವಿದ್ಯುತ್ತನ್ನು ಹಂಚುವ ಪೆಟ್ಟಿಗೆಯ ಲೇಬಲ್ ಮಾತ್ರ ಓದುವುದಿಲ್ಲ.

ಆ ಲೇಬಲ್ ಓದುವುದು ಕಷ್ಟದ ವಿದ್ಯೆಯಲ್ಲ. ಡಬ್ಬದ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು ಬಿಟ್ಟು ಬದಿಗೆ ಅಂಟಿಸಿದ ಕೋಷ್ಟಕ ನೋಡಿ. 12 ವೋಲ್ಟ್ ಎಂಬುದರ ಎದುರು ಎಷ್ಟು ಆಂಪಿಯರ್ ಎಂದಿದೆ? 18 ಎಂದಿದ್ದರೆ ಹನ್ನೆರಡರಿಂದ ಗುಣಿಸಿ: 216 ವ್ಯಾಟ್. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್ ತಂತಿಯಿಂದಲೇ. ಹಾಗಾಗಿ ಆ 450ರಲ್ಲಿ ಅರ್ಧಕ್ಕೂ ಹೆಚ್ಚು ಬರೀ ಶಾಯಿ. ಒಳ್ಳೆಯ 450 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ 36ರ ಆಸುಪಾಸಿನ ಸಂಖ್ಯೆ ಇರುತ್ತದೆ. ಇನ್ನೊಂದು ಸಾಲು ‘ಇನ್‌ಪುಟ್’. 100–240 ಎಂದಿದ್ದರೆ ಕರೆಂಟು ಕುಗ್ಗಿದಾಗಲೂ ಅದು ತಡೆದುಕೊಳ್ಳುತ್ತದೆ. 200–240 ಎಂದಷ್ಟೇ ಇದ್ದರೆ ಸಂಜೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಕಂಪ್ಯೂಟರ್ ತನ್ನಷ್ಟಕ್ಕೆ ಆರಿ ಹೊತ್ತಿಕೊಳ್ಳುತ್ತಿರುತ್ತದೆ. ಮಂಜೇಶ್ವರ, ಬಂಟ್ವಾಳದ ಕಡೆಯಿಂದ ಬರುವ ಗಿರಾಕಿಗಳು ‘ರ‍್ಯಾಮ್ ಹೋಗಿದೆ’ ಎಂದು ತರುವ ಡಬ್ಬಗಳಲ್ಲಿ ಎಷ್ಟಕ್ಕೆ ನಿಜವಾಗಿ ರ‍್ಯಾಮ್ ಹೋಗಿರುತ್ತದೆ ಎಂದು ರಿಪೇರಿಯವರನ್ನು ಕೇಳಿ ನೋಡಿ, ನಗುತ್ತಾರೆ. ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆ ಇದ್ದರೆ ಅರ್ಧ ಭಾರದಲ್ಲಿ ದಕ್ಷತೆ ಶೇ. 85ರಷ್ಟಾದರೂ ಇದೆಯೆಂದು ಅರ್ಥ. ಅದು ದಕ್ಷತೆಯ ಮುದ್ರೆ, ಬಾಳಿಕೆಯದ್ದಲ್ಲ. ಆದರೂ ಆ ಪರೀಕ್ಷೆ ದಾಟಿದ ಪೆಟ್ಟಿಗೆಯೊಳಗೆ ತೀರಾ ಕಸ ತುಂಬಿರುವ ಸಂಭವ ಕಡಿಮೆ.

ಇಷ್ಟು ಹೊತ್ತು ಇದೊಂದರಲ್ಲೇ ನಿಲ್ಲಲು ಕಾರಣ ಈ ಊರಿನ ಆಕಾಶ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ. ಆದರೆ ಕಂಪ್ಯೂಟರಿಗೆ ಅಪಾಯ ಜುಲೈನ ಜಡಿಮಳೆಯಿಂದ ಅಷ್ಟಿಲ್ಲ. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರ್–ನವೆಂಬರಿನಲ್ಲಿ ಘಟ್ಟದ ಕಡೆಯಿಂದ ಇಳಿದು ಬರುವ ಗುಡುಗು, ಇವೆರಡೇ ಬೋರ್ಡು ಸುಡುವ ಕಾಲ. ತಾಮ್ರದ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ವರ್ಷಗಳಲ್ಲಿ ಸಿಡಿಲು ಆ ತಂತಿಯಲ್ಲೇ ನಡೆದು ಬಂದು ಮೋಡೆಮ್ ಸುಟ್ಟು, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಮದರ್‌ಬೋರ್ಡಿಗೂ ಕೈ ಹಾಕುತ್ತಿತ್ತು. ಈಗ ಮನೆಗೆ ಬರುವುದು ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೆ ಕರೆಂಟಿನ ಅಡಾಪ್ಟರ್ ಇದೆ, ಅಲ್ಲಿಂದ ಕಂಪ್ಯೂಟರಿಗೆ ತಾಮ್ರದ ಕೇಬಲ್ ಇದೆ. ದಾರಿ ಪೂರ್ತಿ ಮುಚ್ಚಿಲ್ಲ.

ಇನ್ನು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುವ ಅನುಭವ ಇಲ್ಲಿ ಬಹಳ ಮನೆಗಳಲ್ಲಿದೆ. ‘ಕಂಪ್ಯೂಟರ್ ಅಂದ್ರೆ ಹಾಗೆಯೇ ಮಾರಾಯ್ರೆ’ ಎಂದು ಅದನ್ನು ಒಪ್ಪಿಕೊಂಡೂ ಆಗಿದೆ. ಹಾಗೇನಿಲ್ಲ. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲು ಇಟ್ಟ ಎರಡು ಪುಟ್ಟ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಲೋಹದ ಕವಚಕ್ಕೆ ಸೇರಿಕೊಂಡಿರುತ್ತವೆ. ಅರ್ತ್ ಇದ್ದರೆ ಸೋರಿದ ಅಲ್ಪ ವಿದ್ಯುತ್ತು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕವಚ 230ರ ಅರ್ಧ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವ ವಿದ್ಯುತ್ತು ತೀರಾ ಕಡಿಮೆಯಾದ್ದರಿಂದ ನಿಮಗೆ ಜುಮ್ ಎನ್ನುತ್ತದೆ ಅಷ್ಟೇ. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ ಕಳಚಿ ಸಿಕ್ಕಿಸುತ್ತಿದ್ದರೆ ಮಾನಿಟರಿನದೋ ಕಾರ್ಡಿನದೋ ಪೋರ್ಟ್ ಒಂದು ದಿನ ಹೋಗುತ್ತದೆ. ಕರಾವಳಿಯ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದು ಚೆನ್ನಾಗಿ ಅರ್ತ್ ಕೊಡುತ್ತದೆ. ಫೆಬ್ರವರಿ ಕಳೆದರೆ ಒಣಗಿ ಕಲ್ಲಾಗುತ್ತದೆ. ಹಳಬರು ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಗೆಯಲ್ಲಿ ಒಂದೆರಡು ಕೊಡ ನೀರು ಹೊಯ್ಯುತ್ತಿದ್ದರು. ಈಗಿನ ಫ್ಲ್ಯಾಟ್‌ಗಳಲ್ಲಿ ಆ ಗುಂಡಿ ಪಾರ್ಕಿಂಗಿನ ಯಾವ ಮೂಲೆಯಲ್ಲಿದೆ ಎಂದು ಅಸೋಸಿಯೇಶನ್ನಿನ ಕಾರ್ಯದರ್ಶಿಗೂ ಗೊತ್ತಿರುವುದಿಲ್ಲ.

ಅರ್ತ್ ಇಲ್ಲದ ಮನೆಗೆ ದುಬಾರಿ ಸ್ಪೈಕ್ ಗಾರ್ಡ್ ಒಯ್ದರೂ ಅದು ಅರ್ಧ ಕೆಲಸವನ್ನಷ್ಟೇ ಮಾಡೀತು; ಒಳಗಿನ ರಕ್ಷಕ ಬಿಲ್ಲೆ ಹೆಚ್ಚುವರಿ ವೋಲ್ಟೇಜನ್ನು ತಳ್ಳಬೇಕಾದದ್ದು ಅರ್ತಿಗೇ. ಅಂಗಡಿಗಳಲ್ಲಿ ಸ್ಪೈಕ್ ಬಸ್ಟರ್ ಹೆಸರಿನಲ್ಲಿ ತೂಗಾಡುವ ಅಗ್ಗದ ಪಟ್ಟಿಗಳಲ್ಲಿ ಕೆಲವಕ್ಕೆ ಆ ಬಿಲ್ಲೆಯೇ ಇಲ್ಲ, ಅವು ಕೆಂಪು ದೀಪದ ಎಕ್ಸ್‌ಟೆನ್ಶನ್ ಬೋರ್ಡುಗಳು. ಯುಪಿಎಸ್ ಬೇಕೇ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೊದಲು ಅದರ ಹಿಂದಿನ ಸ್ವಿಚ್ ನೋಡಿ. ಯುಪಿಎಸ್ ಎಂಬ ಕಡೆ ಇಟ್ಟರೆ ಕರೆಂಟು ಹೋದಾಗ ಬೇಗ ಬದಲಾಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟಿಲ್ಲದೆ ಸುಮಾರು 16–17 ಮಿಲಿಸೆಕೆಂಡ್ ಉಸಿರು ಹಿಡಿಯುವಂತೆ ರೂಪಿಸಿರುತ್ತಾರೆ. ಬದಲಾವಣೆ ಅಷ್ಟರೊಳಗೆ ಆದರೆ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಅಗ್ಗದ್ದಕ್ಕೆ ಅಷ್ಟು ಉಸಿರಿಲ್ಲ. ಎಸ್‌ಎಂಪಿಎಸ್‌ಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟವರು ಯುಪಿಎಸ್‌ನ ದುಡ್ಡು ಉಳಿಸುವುದು ಹೀಗೆ.

ಹಂಪನಕಟ್ಟೆ ಸಿಗ್ನಲ್ ದಾಟಿ ಕೆ.ಎಸ್. ರಾವ್ ರಸ್ತೆಗೆ ಹೊರಳುವಾಗ ಒಂದು ಮಾತು. ಈ ರಸ್ತೆಯ ಹೆಸರಿನ ಕಾರ್ನಾಡ್ ಸದಾಶಿವ ರಾವ್ (1881–1937) ಸಿರಿವಂತರ ಮನೆಯಲ್ಲಿ ಹುಟ್ಟಿ, ವಕೀಲಿ ಓದಿ, ಇದ್ದದ್ದನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೆ ಸುರಿದು ಬರಿಗೈಯಲ್ಲಿ ತೀರಿಕೊಂಡವರು. ಅವರ ಹೆಸರಿನ ರಸ್ತೆ ಇಂದು ಊರಿನ ದೊಡ್ಡ ವ್ಯಾಪಾರದ ಬೀದಿ. ಶರವು ದೇವಸ್ಥಾನಕ್ಕೆ ತಿರುಗುವ ಜಾಗದಿಂದ ಮುಂದೆ ಮಾಲ್, ಬಟ್ಟೆ, ಚಿನ್ನದ ಅಂಗಡಿಗಳ ನಡುವೆ ತಲೆ ಎತ್ತಿ ಬೋರ್ಡುಗಳನ್ನು ಓದುತ್ತಾ ಹೋಗಬೇಕು, ಫುಟ್‌ಪಾತ್ ನೋಡುತ್ತಾ ಹೋಗುವುದೂ ಅಷ್ಟೇ ಅಗತ್ಯ.

ಇಲ್ಲಿನ ಅಂಗಡಿಗಳಲ್ಲಿ ಕೇಳಿದ ಬೋರ್ಡು ಕಪಾಟಿನಲ್ಲಿ ಇರುವುದು ಅಪರೂಪ. ‘ನಾಳೆ ಬೆಳಿಗ್ಗೆ ಬರ್ತದೆ’ ಎನ್ನುತ್ತಾರೆ. ಬೆಂಗಳೂರಿನ ವಿತರಕರಿಗೆ ಫೋನು ಹೋಗುತ್ತದೆ, ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಇಳಿಯುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಗ್ರಾಫಿಕ್ಸ್ ಕಾರ್ಡೂ ಚಾರ್ಮಾಡಿ ಸುತ್ತಿ ತಡವಾಗಿ ಬರುತ್ತದೆ. ಪಣಂಬೂರಿನಲ್ಲಿ ದೊಡ್ಡ ಬಂದರು ಇಟ್ಟುಕೊಂಡ ಊರಿಗೆ ತೈವಾನ್, ಚೀನಾದ ಸರಕು ಘಟ್ಟ ಇಳಿದೇ ಬರಬೇಕು. ಬಂದರಿಗೆ ಬರುವ ಹಡಗುಗಳ ಹೊಟ್ಟೆಯಲ್ಲಿ ಹೆಚ್ಚಾಗಿ ಇರುವುದು ಕಚ್ಚಾತೈಲ, ಗ್ಯಾಸ್, ಕಲ್ಲಿದ್ದಲು. ಹಾಗಾದರೆ ಆನ್‌ಲೈನಿನಲ್ಲೇ ತರಿಸಬಾರದೇ ಎಂದರೆ, ತರಿಸಬಹುದು. ದರ ಇಲ್ಲಿಗಿಂತ ಸ್ವಲ್ಪ ಕಡಿಮೆಯೂ ಇದ್ದೀತು. ನನ್ನ ಲೆಕ್ಕ ಇಷ್ಟು: ಕೆಡುವ ಸಂಭವ ತೀರಾ ಕಡಿಮೆಯಾದ ಪ್ರೊಸೆಸರನ್ನು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಿ. ಬೋರ್ಡು, ಎಸ್‌ಎಂಪಿಎಸ್, ಮಾನಿಟರುಗಳನ್ನು ಮಾತ್ರ ನಡೆದು ಹೋಗಿ ಮೇಜಿನ ಮೇಲಿಟ್ಟು ಕೇಳಬಹುದಾದ ಅಂಗಡಿಯಲ್ಲೇ ಕೊಳ್ಳಿ, ನೂರಿನ್ನೂರು ಹೆಚ್ಚಾದರೂ.

ಈಗ ಎಲ್ಲರ ಬಾಯಲ್ಲೂ ರ‍್ಯಾಮಿನ ದರ. 2025ರ ಕೊನೆಯ ತಿಂಗಳುಗಳಲ್ಲಿ ಅದು ದುಪ್ಪಟ್ಟು ದಾಟಿ ಓಡಿತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ‘ಕ್ರೂಶಿಯಲ್’ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಘೋಷಿಸಿತು. ಅಗ್ಗದ ಸಿಸ್ಟಮ್ ಕಟ್ಟುವವರು ವರ್ಷಗಟ್ಟಲೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದ ಹೆಸರು ಅದು. ಹಂಪನಕಟ್ಟೆಯ ಚೀಟಿಯಲ್ಲಿ ರ‍್ಯಾಮಿನ ಸಾಲನ್ನು ಈಗ ಪೆನ್ಸಿಲಿನಲ್ಲಿ ಬರೆಯಬೇಕಾದ ಪರಿಸ್ಥಿತಿ. ‘ಈ ರೇಟು ಇವತ್ತಿಗೆ ಮಾತ್ರ’ ಎಂಬುದು ಹಿಂದೆ ಮಾರಾಟದ ತಂತ್ರವಾಗಿತ್ತು, ಈಗ ನಿಜ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪಿನ ಡಿಡಿಆರ್4 ಕಡ್ಡಿಗಳಿದ್ದರೆ ಎಸೆಯಬೇಡಿ. ಅವುಗಳನ್ನೇ ಹಾಕಬಹುದಾದ ಬೋರ್ಡು ಆರಿಸುವುದು ಈ ಹೊತ್ತಿನ ಜಾಣತನ. ಡಿಡಿಆರ್4, ಡಿಡಿಆರ್5 ಒಂದಕ್ಕೊಂದು ಕೂಡುವುದಿಲ್ಲ, ನಡುವಿನ ಕಚ್ಚೇ ಬೇರೆ ಜಾಗದಲ್ಲಿದೆ. ಇಂಟೆಲ್‌ನ ಎಚ್610 ಬೋರ್ಡುಗಳು ಎರಡೂ ಬಗೆಯಲ್ಲಿ ಬರುವುದರಿಂದ ಡಬ್ಬದ ಮೇಲೆ ಓದಿಯೇ ತನ್ನಿ.

ನವಭಾರತ ವೃತ್ತದ ಹತ್ತಿರ ಪ್ರೊಸೆಸರಿನ ಮಾತಿಗೆ ಬರೋಣ. ಇದು ಎಲ್ಲರಿಗೂ ಇಷ್ಟದ ಭಾಗ, ನನ್ನ ಮಟ್ಟಿಗೆ ಸುಲಭದ ಭಾಗ. ಬಿ.ಕಾಂ. ಹುಡುಗಿಯ ಟ್ಯಾಲಿ, ಬಿಸಿಎ ಹುಡುಗನ ಜಾವಾ, ಮನೆಯವರ ಬ್ಯಾಂಕ್ ಕೆಲಸ, ಒಂದಿಷ್ಟು ಆಟ. ಇಷ್ಟಕ್ಕೆ ನಾಲ್ಕು ಕೋರಿನ ಇಂಟೆಲ್ ಐ3-12100 ಧಾರಾಳ. ಆರು ಕೋರಿನ, ಒಳಗೇ ವೇಗಾ ಗ್ರಾಫಿಕ್ಸ್ ಇರುವ ಎಎಂಡಿ ರೈಜನ್ 5 5600ಜಿ ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲನೆಯದು 2022ರದ್ದು, ಎರಡನೆಯದು 2021ರದ್ದು. ಹಳತು ಎಂದು ಮೂಗು ಮುರಿಯಬೇಕಿಲ್ಲ, ಎರಡಕ್ಕೂ ಡಿಡಿಆರ್4 ಸಾಕು ಎಂಬುದೇ ಇಂದಿನ ದರದಲ್ಲಿ ದೊಡ್ಡ ಗುಣ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಮುಂದಿನ ವರ್ಷಗಳ ಪ್ರೊಸೆಸರುಗಳೂ ಕೂರುತ್ತವೆ ನಿಜ. ಆದರೆ ಅದಕ್ಕೆ ಡಿಡಿಆರ್5 ಕಡ್ಡಾಯ, ಅಲ್ಲಿಗೆ ಬಜೆಟ್ ಕೈಬಿಟ್ಟಿತು.

ಇಲ್ಲಿರುವ ಗುಂಡಿ ಒಂದೇ, ಅದೂ ಒಂದು ಅಕ್ಷರದ್ದು. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿ 5600ರ ಮುಂದೆ ‘ಜಿ’ ಇಲ್ಲದಿದ್ದರೂ ಅದೇ ಕತೆ. ಸಾವಿರ ರೂಪಾಯಿ ಉಳಿಯಿತೆಂದು ಖುಷಿಯಲ್ಲಿ ಜೋಡಿಸಿದವರು ಕಪ್ಪು ಪರದೆ ನೋಡುತ್ತಾ ಕೂರಬೇಕಾಗುತ್ತದೆ. ಇನ್ನೊಂದು, 5600ಜಿಯಂಥದ್ದನ್ನು ಕೊಂಡವರು 16 ಜಿಬಿಯ ಒಂದು ಕಡ್ಡಿ ಹಾಕದೆ 8ರ ಎರಡು ಹಾಕಬೇಕು. ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಅದು ಬದುಕುವುದು ರ‍್ಯಾಮಿನ ಮೇಲೆ. ಎರಡು ಕಡ್ಡಿಯ ಜೋಡಿದಾರಿ ಸಿಕ್ಕಿದರೆ ಆಟಗಳ ಓಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಟಾ ಸೆಕೆಂಡಿಗೆ 550 ಎಂಬಿಗೆ ನಿಲ್ಲುತ್ತದೆ, ಮೂರನೇ ತಲೆಮಾರಿನ ಎನ್‌ವಿಎಂಇ 3,500ರ ಹತ್ತಿರ ಹೋಗುತ್ತದೆ. ಟ್ಯಾಲಿ ತೆರೆಯುವವರಿಗೆ ಎರಡೂ ಒಂದೇ. ಹೆಸರೇ ಕೇಳದ ಕಂಪನಿಯದ್ದು ಬೇಡ, ಅಷ್ಟು ಸಾಕು.

ಮಂಗಳೂರಿನದ್ದೇ ಎನ್ನಬಹುದಾದ ಗಿರಾಕಿಯೊಬ್ಬರು ಈ ಅಂಗಡಿಗಳಿಗೆ ಬರುತ್ತಾರೆ: ಲೈವ್ ಮಾಡುವವರು. ಬ್ರಹ್ಮಕಲಶ, ನೇಮ, ಮದುವೆ, ಆಟದ ಋತು ಮುಗಿಯುವ ಪತ್ತನಾಜೆಯವರೆಗೆ ರಾತ್ರಿಯಿಡೀ ಯಕ್ಷಗಾನ. ಎರಡು ಮೂರು ಕ್ಯಾಮೆರಾ, ಒಂದು ಡಬ್ಬ, ಓಬಿಎಸ್ ತಂತ್ರಾಂಶ, ಗಂಟೆಗಟ್ಟಲೆ ನಿಲ್ಲದ ಪ್ರಸಾರ. ಊರಿನ ಮೇಳದ ಆಟವನ್ನು ಕುವೈತಿನಲ್ಲಿ ಕೂತು ನೋಡುವವರಿಗೆ ಚೌಕಿಯ ಪಕ್ಕ ಬೆವರುತ್ತಾ ಕೂತ ಈ ಹುಡುಗರ ನೆನಪು ಬರುವುದು ಪ್ರಸಾರ ನಿಂತಾಗ ಮಾತ್ರ. ಇವರ ಪಟ್ಟಿಯ ಲೆಕ್ಕವೇ ಬೇರೆ. ವಿಡಿಯೊವನ್ನು ಸಂಕುಚಿಸುವ ಕೆಲಸವನ್ನು ಪ್ರೊಸೆಸರಿನ ತಲೆಗೆ ಕಟ್ಟಿದರೆ ಅದು ಕಾದು ಸುಸ್ತಾಗುತ್ತದೆ. ಆ ಕೆಲಸಕ್ಕೆಂದೇ ಇರುವ ಯಂತ್ರಭಾಗ ಇಂಟೆಲ್‌ನ ಒಳಗಿನ ಗ್ರಾಫಿಕ್ಸಿನಲ್ಲೂ ಎನ್‌ವಿಡಿಯಾದ ಕಾರ್ಡುಗಳಲ್ಲೂ ಉಂಟು. ಆದ್ದರಿಂದ ಇವರಿಗೆ ಎಫ್ ಇಲ್ಲದ ಇಂಟೆಲ್ ಲಾಭ. ಮದುವೆ ವಿಡಿಯೊ ಎಡಿಟ್ ಮಾಡುವವರಿಗಂತೂ ಇನ್ನೂ ಹೆಚ್ಚು. ಈಗಿನ ಕ್ಯಾಮೆರಾಗಳು ಕೊಡುವ ಹತ್ತು ಬಿಟ್ಟಿನ 4:2:2 ಎಚ್‌ಇವಿಸಿ ಫೈಲನ್ನು ಇಂಟೆಲ್‌ನ ಈಚಿನ ಪ್ರೊಸೆಸರುಗಳ ಪುಟ್ಟ ಒಳಗ್ರಾಫಿಕ್ಸ್ ತಡವರಿಸದೆ ಬಿಡಿಸುತ್ತದೆ. ಎನ್‌ವಿಡಿಯಾದಲ್ಲಿ ಆ ಸೌಕರ್ಯ ಬಂದದ್ದು 2025ರಲ್ಲಿ ಬಂದ 50ರ ಸರಣಿಯ ಕಾರ್ಡುಗಳಿಂದ ಈಚೆಗೆ. ಹಳೆಯ ದೊಡ್ಡ ಕಾರ್ಡು ಹಾಕಿಕೊಂಡು ‘ಆದ್ರೂ ಹ್ಯಾಂಗ್ ಆಗ್ತದೆ’ ಎನ್ನುವ ಸ್ಟುಡಿಯೊದವರು ಮೊದಲು ತಮ್ಮ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರ ನೋಡಲಿ.

ಪಿ.ವಿ.ಎಸ್. ದಾಟಿ ಬಂಟ್ಸ್ ಹಾಸ್ಟೆಲ್ ಕಡೆ ಏರುವಾಗ ಸೆಕೆಂಡ್‌ಹ್ಯಾಂಡ್ ವಿಚಾರ. ಬೆಂಗಳೂರಿನ ಆಫೀಸುಗಳು ಒಟ್ಟಿಗೆ ಹೊರಹಾಕಿದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಒರೆಸಿ ಸ್ಟಿಕ್ಕರ್ ಹಚ್ಚಿಸಿಕೊಂಡು ಇಲ್ಲಿಗೆ ಬರುತ್ತವೆ. ಪೊಸತಾ, ಪರತ್ತಾ (ಹೊಸತಾ, ಹಳತಾ) ಎಂದು ಕೇಳುವುದೇ ಬೇಡ, ದರವೇ ಹಳತೆಂದು ಹೇಳುತ್ತದೆ. ಕಟ್ಟುವ ಹುಚ್ಚಿಲ್ಲದೆ ಕೆಲಸವಷ್ಟೇ ಆಗಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಬೆಲೆ ಇಲ್ಲ, ಇದನ್ನು ಒಪ್ಪಲೇಬೇಕು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ನಂತರದ್ದನ್ನು. ಅಂಗಡಿಯಲ್ಲಿ ಅಗ್ಗಕ್ಕೆ ರಾಶಿ ಬಿದ್ದಿರುವುದು ಆರು, ಏಳನೇ ತಲೆಮಾರಿನವು. ಹೇಗೋ ತುರುಕಿ ಹನ್ನೊಂದನ್ನು ಹಾಕಿಕೊಟ್ಟಿರುತ್ತಾರೆ. ಐ5-6500 ಎಂದಿದ್ದರೆ ಬಿಡಿ, ಐ5-8500 ಎಂದಿದ್ದರೆ ಕೂತು ಮಾತಾಡಿ, ಅದರಲ್ಲಿ ಆರು ಕೋರುಗಳಿವೆ. ಇನ್ನೊಂದು ಕೊಕ್ಕೆ: ಈ ಸಣ್ಣ ಡಬ್ಬಗಳ ಎಸ್‌ಎಂಪಿಎಸ್, ಬೋರ್ಡು ಎರಡೂ ಕಂಪನಿಯ ಸ್ವಂತ ಅಳತೆಯವು. ಸುಟ್ಟರೆ ಪೇಟೆಯದ್ದು ಕೂರುವುದಿಲ್ಲ, ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಜಾಗವಿಲ್ಲ. ಗೇಮ್ ಆಡಲೆಂದು ಇದನ್ನು ಕೊಂಡು ಆಮೇಲೆ ಬೆಳೆಸುತ್ತೇನೆ ಎನ್ನುವ ಯೋಜನೆಗೆ ಅಲ್ಲಿಗೇ ತೆರೆ.

ದುಬೈಯಲ್ಲಿ ಅಣ್ಣನೋ ಭಾವನೋ ಇರುವ ಮನೆಗಳಿಗೆ ಇನ್ನೊಂದು ಮೂಲ ಉಂಟು. ಬರ್‌ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳನ್ನು ಹಂಪನಕಟ್ಟೆಗಿಂತ ಚೆನ್ನಾಗಿ ಬಲ್ಲ ಮಂಗಳೂರಿಗರಿದ್ದಾರೆ. ಅಲ್ಲಿಂದ ಲಗೇಜಿನಲ್ಲಿ ಬಂದ ಗ್ರಾಫಿಕ್ಸ್ ಕಾರ್ಡಿಗೆ ವಾರಂಟಿ ಹೆಚ್ಚಾಗಿ ಅಲ್ಲಿಗೇ ಸೀಮಿತ. ಕೆಟ್ಟರೆ ಅಣ್ಣ ಮುಂದಿನ ರಜೆಗೆ ಬರುವವರೆಗೆ ಕಾಯಬೇಕು. ಉಳಿತಾಯವನ್ನು ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಅಂಬೇಡ್ಕರ್ ವೃತ್ತ ಎಂದು ಹೆಸರಾದರೂ ಸಿಟಿಬಸ್ಸಿನ ಕಂಡಕ್ಟರ್ ಕೂಗುವುದು ‘ಜ್ಯೋತಿ, ಜ್ಯೋತಿ’ ಎಂದೇ. ಈ ಕಡೆಯ ಅಂಗಡಿಗಳ ಗಾಜಿನೊಳಗೆ ಮಿನುಗುವ ಕ್ಯಾಬಿನೆಟ್‌ಗಳಿರುತ್ತವೆ, ಮುಂಭಾಗ ಪೂರ್ತಿ ಗಾಜು, ಒಳಗೆ ಏಳು ಬಣ್ಣದ ಫ್ಯಾನು. ನೋಡಲು ಚೆಂದ. ಆದರೆ ಗಾಜಿನಲ್ಲಿ ಗಾಳಿ ಹೋಗುವುದಿಲ್ಲ. ವಿಮರ್ಶೆಯ ವಿಡಿಯೊಗಳು ಎಸಿ ಕೋಣೆಯ 22–24 ಡಿಗ್ರಿಯಲ್ಲಿ ಅಳೆದ ಬಿಸಿಯನ್ನು ತೋರಿಸುತ್ತವೆ. ಕುಲಶೇಖರದ ಹಂಚಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ 34 ಇದ್ದರೆ ಆ ಹತ್ತು ಡಿಗ್ರಿಯನ್ನು ಹೆಚ್ಚುಕಡಿಮೆ ಹಾಗೆಯೇ ಪ್ರೊಸೆಸರಿನ ಲೆಕ್ಕಕ್ಕೆ ಕೂಡಿಸಿಕೊಳ್ಳಬೇಕು. ಮುಂದೆ ಜಾಲರಿ, ಅದರ ಹಿಂದೆ ತೆಗೆದು ತೊಳೆಯಬಹುದಾದ ಧೂಳುಪರದೆ, ಎರಡು ಫ್ಯಾನು ಇರುವ ಸಾದಾ ಕ್ಯಾಬಿನೆಟ್ ಸಾಕು. 65 ವ್ಯಾಟಿನ ಪ್ರೊಸೆಸರಿಗೆ ಡಬ್ಬದಲ್ಲೇ ಬರುವ ಕೂಲರ್ ಅದರೊಳಗೆ ನೆಮ್ಮದಿಯಾಗಿ ಕೆಲಸ ಮಾಡುತ್ತದೆ.

ತುಕ್ಕು ಇಲ್ಲಿನ ಇನ್ನೊಂದು ಶತ್ರು. ಉಳ್ಳಾಲ, ಬೆಂಗ್ರೆ, ಸುರತ್ಕಲ್ಲಿನ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಬೋರ್ಡಿನ ಯುಎಸ್‌ಬಿ ಪೋರ್ಟುಗಳ ಅಂಚು ವರ್ಷದೊಳಗೆ ಕಂದುತ್ತದೆ. ಅದನ್ನು ಕಂಡರೆ ಸರ್ವಿಸ್ ಸೆಂಟರಿನವರು ವಾರಂಟಿ ನಿರಾಕರಿಸುವುದೂ ಉಂಟು. ಮಳೆಗಾಲದಲ್ಲಿ ಕಂಪ್ಯೂಟರನ್ನು ಮುಚ್ಚಿಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಓಡಿಸುವುದು ಒಳ್ಳೆಯದು, ಒಳಗಿನ ಶಾಖಕ್ಕೇ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಕೂಡಿಡುತ್ತದೆ. ರಜೆ ಕಳೆದು ಬಂದಾಗ ಶುರುವಾಗದಿದ್ದರೆ ಗಾಬರಿ ಬೇಡ. ರ‍್ಯಾಮ್ ಕಳಚಿ ಅದರ ಚಿನ್ನದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂರಿಸಿ. ರಿಪೇರಿಯವರು ಮೊದಲು ಮಾಡುವುದೂ ಅದನ್ನೇ, ದುಡ್ಡು ತೆಗೆದುಕೊಂಡು. ಹಾಗೆಯೇ ಹಿಂಬದಿಯ ಖಾಲಿ ಸ್ಲಾಟುಗಳ ತಗಡಿನ ಮುಚ್ಚಳ ಎಸೆಯಬೇಡಿ. ಬೆಚ್ಚಗಿನ ಜಾಗ ಹುಡುಕಿ ಹಲ್ಲಿ ನುಗ್ಗುವುದು ಅಲ್ಲಿಂದಲೇ, ಎಸ್‌ಎಂಪಿಎಸ್ ಒಳಗೆ ಹೋಗಿ ತಾನೂ ಸತ್ತು ಅದನ್ನೂ ಕೊಲ್ಲುತ್ತದೆ.

ಲೈಟ್‌ಹೌಸ್ ಹಿಲ್ ಇಳಿಯುವ ಮೊದಲು ಕೀಬೋರ್ಡ್. ಅಗ್ಗದ್ದೇ ಸಾಕು. ಕನ್ನಡ ಬರೆಯಲು ಕೀಲಿಯ ಮೇಲೆ ಕನ್ನಡ ಅಚ್ಚಾಗಿರಬೇಕಿಲ್ಲ. ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಮೂಡಿಸುವ, ಇಂದು ‘ನುಡಿ’ ತಂತ್ರಾಂಶ ಬಳಸುವವರೆಲ್ಲರ ಬೆರಳಿಗೆ ಹತ್ತಿದ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಇಲ್ಲೇ ಮಂಗಳೂರಿನ ಪಕ್ಕದ ಕಿನ್ನಿಕಂಬಳದವರು. ಕರಾವಳಿಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನೇ ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟಿದ್ದರು. ಅಂಗಡಿಯವರು ‘ವಿಂಡೋಸ್ ಹಾಕಿ ಕೊಡ್ತೇವೆ’ ಎಂದು ಉಚಿತವಾಗಿ ತುಂಬುವ ಕದ್ದ ಪ್ರತಿಗಿಂತ ಉಬುಂಟು ಮೇಲು, ಅದರಲ್ಲೂ ಇದೇ ಕನ್ನಡ ವಿನ್ಯಾಸ ಸಿಗುತ್ತದೆ. ಟ್ಯಾಲಿ ಬೇಕಾದವರಿಗೆ ಮಾತ್ರ ವಿಂಡೋಸ್ ತಪ್ಪದು. ಪರವಾನಗಿಯ ದುಡ್ಡನ್ನು ಪಟ್ಟಿಗೆ ಮೊದಲೇ ಸೇರಿಸಿಕೊಳ್ಳಿ.

ಮತ್ತೆ ಹಂಪನಕಟ್ಟೆಗೆ ಬಂದಾಗ ಕೈಯಲ್ಲಿ ನಾಲ್ಕಾರು ಚೀಟಿ ಇರುತ್ತವೆ. ಮೊತ್ತ ಹೋಲಿಸುವ ಮೊದಲು ಪ್ರತಿ ಚೀಟಿಯ ಕಡೆಯ ಸಾಲು ನೋಡಿ. ಎಸ್‌ಎಂಪಿಎಸ್‌ಗೆ ಕಂಪನಿಯ ಹೆಸರು, ಮಾದರಿ, ವಾರಂಟಿ ವರ್ಷ ಬರೆದವರು ಯಾರು, ಬರೀ ‘450ಡಬ್ಲ್ಯು’ ಎಂದವರು ಯಾರು? ಮೊದಲನೆಯವರಲ್ಲಿ ಚೌಕಾಸಿ ಮಾಡಿ. ‘ಒಂತೆ ಕಮ್ಮಿ ಮಲ್ಪುಲೆ’ ಎಂದು ತುಳುವಿನಲ್ಲಿ ಕೇಳಿದರೆ ಸ್ವಲ್ಪ ಕಡಿಮೆಯಾಗುವುದು ಈಗಲೂ ನಿಜ. ಆದರೆ ಶೇ. 18ರ ಜಿಎಸ್‌ಟಿ ತಪ್ಪಿಸಲು ‘ಬಿಲ್ ಬೇಡ ಅಲ್ವಾ’ ಎಂದರೆ ಒಪ್ಪಬೇಡಿ; ಬಿಲ್ಲಿಲ್ಲದ ವಾರಂಟಿ ವಿತರಕನ ಮುಂದೆ ನಿಲ್ಲುವುದಿಲ್ಲ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ, ಡಬ್ಬಗಳನ್ನು ಅಟ್ಟಕ್ಕೆ ಹಾಕಿಡಿ. ಹಳೆಯ ಬೋರ್ಡು, ಬ್ಯಾಟರಿಗಳನ್ನು ದಿನದ ಕಸದ ಜೊತೆ ಪಚ್ಚನಾಡಿಯ ಕಸದ ಗುಡ್ಡಕ್ಕೆ ಕಳಿಸಬೇಡಿ. 2019ರ ಆಗಸ್ಟಿನಲ್ಲಿ ಆ ಗುಡ್ಡದ ಕಸ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಿದ್ದದ್ದು ಊರಿಗೆ ಗೊತ್ತಿದೆ. ಇ-ತ್ಯಾಜ್ಯ ಪಡೆಯುವವರ ಕೈಗೇ ಕೊಡಿ.

ಮತ್ತು ಪ್ರೊಸೆಸರಿಗೆ ಮುಂಗಡ ಕೊಡುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಕಂಪ್ಯೂಟರ್ ಇಡುವ ಕೋಣೆಯ ಸಾಕೆಟ್ಟಿನಲ್ಲಿ ಅರ್ತ್ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಏಪ್ರಿಲಿನ ಮೊದಲ ಗುಡುಗಿಗೆ ಮುಂಚೆ ಆದರೆ ಒಳ್ಳೆಯದು.